ಮನೆಯ ಕಂಪ್ಯೂಟರಿನ ಡಿಸ್ಕನ್ನು ಹಸನುಗೊಳಿಸುವ ಕ್ರಮ

(ಗಂಡಸಿ ಹೋಬಳಿಯ ವ್ಯವಸಾಯ ಇನ್‌ಸ್ಪೆಕ್ಟರೊಬ್ಬರಿಂದ)

ಗಂಡಸಿ ಹೋಬಳಿಯಲ್ಲಿ ತೆಂಗಿನ ತೋಟವುಳ್ಳ ಮನೆಗಳಿಗೆ ಹೋದರೆ, ಅಟ್ಟದ ಮೇಲೆ ಉಂಡೆ ಕೊಬ್ಬರಿಗಾಗಿ ಹರಡಿದ ಕಾಯಿಗಳನ್ನೂ, ಕೆಳಗೆ ಪಡಸಾಲೆಯ ಮೂಲೆಯಲ್ಲಿ ಬಟ್ಟೆ ಹೊದಿಸಿಟ್ಟ ಒಂದು ಕಂಪ್ಯೂಟರನ್ನೂ ಈಗ ಒಟ್ಟಿಗೆ ಕಾಣಬಹುದಾಗಿದೆ. ಮಕ್ಕಳ ವಿದ್ಯಾಭ್ಯಾಸಕ್ಕೆಂದು ತಂದ ಈ ಯಂತ್ರದಲ್ಲಿ ಕಾಲಕ್ರಮದಲ್ಲಿ ಪಹಣಿಯ ಪ್ರತಿ, ಮಣ್ಣು ಪರೀಕ್ಷೆಯ ಫಲಿತಾಂಶ, ಕೊಬ್ಬರಿ ಮಾರಿದ ರಸೀತಿ, ಮದುವೆಯ ಛಾಯಾಚಿತ್ರ, ಬಂಧುಗಳು ಕಳುಹಿಸಿದ ಚಲನಚಿತ್ರ ಮುಂತಾದುವೆಲ್ಲವೂ ಬಂದು ಸೇರುತ್ತವೆ. ಅಟ್ಟದ ಕಾಯಿಯನ್ನಾದರೋ ರೈತನು ಹತ್ತು ಹನ್ನೆರಡು ತಿಂಗಳಿಗೊಮ್ಮೆ ಇಳಿಸಿ, ಒಡೆದು, ಮಾರಿ, ಸ್ಥಳವನ್ನು ತೆರವು ಮಾಡುತ್ತಾನೆ. ಕಂಪ್ಯೂಟರಿನೊಳಗಿನ ಅಟ್ಟವನ್ನು ಮಾತ್ರ ಯಾರೂ ಏರಿ ನೋಡುವುದಿಲ್ಲ. ಒಂದು ದಿನ ಯಂತ್ರವು ಕುಂಟತೊಡಗಿದಾಗ, ಅದಕ್ಕೆ ಮುಪ್ಪು ಬಂತೆಂದು ಭಾವಿಸಿ ಹೊಸದನ್ನು ಕೊಳ್ಳುವ ಅಥವಾ ಇರುವುದನ್ನು ಪೂರ್ತಿಯಾಗಿ ಅಳಿಸಿಬಿಡುವ ಯೋಚನೆಗೆ ಬೀಳುತ್ತಾರೆ.

ವ್ಯವಸಾಯದ ಪತ್ರಿಕೆಯಲ್ಲಿ ಈ ವಿಷಯವೇಕೆ ಎಂದು ವಾಚಕರು ಕೇಳಬಹುದು. ಕಳೆದ ಬೇಸಿಗೆಯಲ್ಲಿ ನಡೆದ ಒಂದು ಸಂಗತಿಯನ್ನು ಹೇಳಿದರೆ ಅದಕ್ಕೆ ಉತ್ತರ ದೊರೆಯುವುದು.

ಒಂದು ತೋಟದ ಲೆಕ್ಕದ ಪುಸ್ತಕ

ಗಂಡಸಿ ಹ್ಯಾಂಡ್‌ಪೋಸ್ಟಿಗೆ ಸಮೀಪದ ಒಂದು ಗ್ರಾಮದ ಯಜಮಾನರು ತೆಂಗಿನ ಸಸಿ ಬೆಳೆಸುವ ವಿಚಾರವಾಗಿ ನನ್ನನ್ನು ಕರೆದಿದ್ದರು. 2016 ಮತ್ತು 2017ರ ಬರದಲ್ಲಿ ಅವರ ತೋಟದ ಮೂರನೆಯ ಒಂದು ಪಾಲು ಮರಗಳು ಸುಳಿ ಒಣಗಿ ಹೋಗಿದ್ದವು. ಹಾಳು ಬಿದ್ದ ಸ್ಥಳದಲ್ಲಿ ತಮ್ಮ ತೋಟದ ಒಳ್ಳೆಯ ಮರಗಳ ಕಾಯಿಯನ್ನೇ ಬಿತ್ತನೆಗೆ ತೆಗೆದುಕೊಳ್ಳಬೇಕೆಂಬುದು ಅವರ ಇಚ್ಛೆ. ಇದು ಸರಿಯಾದ ಕ್ರಮವೇ ಆಗಿದೆ. ಆದರೆ ತಾಯಿಮರವನ್ನು ಆರಿಸುವಾಗ ಒಂದು ವರ್ಷದ ಫಸಲನ್ನು ನೋಡಿ ನಿರ್ಧರಿಸುವ ಹಾಗಿಲ್ಲ. ವಯಸ್ಸು 25ರಿಂದ 60 ವರ್ಷದೊಳಗಿದ್ದು, ವರ್ಷಕ್ಕೆ 80 ಕಾಯಿಗಳಿಗೆ ಕಡಿಮೆಯಿಲ್ಲದೆ, ಒಂದು ವರ್ಷ ಹೆಚ್ಚು ಒಂದು ವರ್ಷ ಕಡಿಮೆಯೆಂಬ ಏರುಪೇರಿಲ್ಲದೆ ಕಾಯುತ್ತ ಬಂದ ಮರವೇ ತಾಯಿಮರಕ್ಕೆ ಯೋಗ್ಯ. ಹಾಗೆ ಕಾಯುತ್ತ ಬಂದಿತೆಂಬುದನ್ನು ತಿಳಿಯಲು ಹಲವು ವರ್ಷಗಳ ಲೆಕ್ಕ ಬೇಕು.

"ಲೆಕ್ಕವೇನೋ ಇದೆ ಸ್ವಾಮಿ," ಎಂದರು ಯಜಮಾನರು. "ನಮ್ಮ ತಂದೆಯವರು ಪ್ರತಿ ಮರಕ್ಕೂ ಅಂಕಿ ಬರೆದು, 31 ವರ್ಷ ಪುಸ್ತಕದಲ್ಲಿ ಕಾಯಿ ಎಣಿಕೆ ಇಟ್ಟಿದ್ದರು. ಪುಸ್ತಕಕ್ಕೆ ಗೆದ್ದಲು ಹಿಡಿಯಿತು. ಪೂರ್ತಿ ಹೋಗುವುದಕ್ಕೆ ಮುಂಚೆ ನನ್ನ ಮಗಳು ಪುಟಪುಟವನ್ನೂ ಫೋನಿನಲ್ಲಿ ಚಿತ್ರ ತೆಗೆದಳು. ಅದು ಈ ಕಂಪ್ಯೂಟರಿನಲ್ಲಿದೆ."

"ತೋರಿಸಿ ಯಜಮಾನರೇ," ಎಂದೆನು.

ಯಂತ್ರವನ್ನು ಹಚ್ಚಿದರು. ನಾಲ್ಕು ನಿಮಿಷವಾದರೂ ಅದು ಕೆಲಸಕ್ಕೆ ಅಣಿಯಾಗಲಿಲ್ಲ. ಅಣಿಯಾದ ಮೇಲೆ ಸ್ಥಳ ಸಾಲದೆಂಬ ಕೆಂಪು ಗುರುತು ಕಾಣಿಸಿಕೊಂಡಿತು.

"ಇದರ ಆಯಸ್ಸು ಮುಗಿಯಿತು ಸ್ವಾಮಿ. ಹೊಸದನ್ನು ತರೋಣವೆಂದರೆ ಕೊಬ್ಬರಿಯ ಹಣ ಬೋರ್‌ವೆಲ್ಲಿಗೆ ಹೋಯಿತು. ಅಂಗಡಿಯವರು, ಒಳಗಿರುವುದನ್ನೆಲ್ಲ ಅಳಿಸಿ ಹೊಸದಾಗಿ ಮಾಡಿಕೊಡುತ್ತೇವೆ, ನಾಳೆ ತನ್ನಿ ಎಂದಿದ್ದಾರೆ."

"ಪುಸ್ತಕದ ಚಿತ್ರಗಳು ಬೇರೆ ಎಲ್ಲಿಯಾದರೂ ಇವೆಯೇ?"

ಯಜಮಾನರು ಮಗಳ ಮುಖವನ್ನು ನೋಡಿದರು. ಆ ಫೋನು ಕೆಟ್ಟು ಎರಡು ವರ್ಷವಾಗಿತ್ತು. ಪುಸ್ತಕವು ಮಣ್ಣಾಗಿತ್ತು. ಬೇರೆ ಎಲ್ಲಿಯೂ ಇರಲಿಲ್ಲ.

ನಾನು ಮಾಡಿದ ತಪ್ಪು

ಆ ಪ್ರಶ್ನೆಯು ಆ ದಿನ ನನ್ನ ಬಾಯಿಗೆ ಬರಲು ಒಂದು ಕಾರಣವಿದೆ. ಕೆಲವು ವರ್ಷಗಳ ಹಿಂದೆ ನನ್ನ ಮನೆಯ ಕಂಪ್ಯೂಟರೂ ಹೀಗೆಯೇ ತುಂಬಿತ್ತು. ಡಿಸ್ಕನ್ನು ಶುಚಿ ಮಾಡುವ ಸಾಧನವನ್ನು ತೆರೆದೆನು. ಅಳಿಸಬಹುದಾದುವುಗಳ ಒಂದು ಪಟ್ಟಿ ಬಂತು. ಅದನ್ನು ಓದುವ ತಾಳ್ಮೆಯಿಲ್ಲದೆ ಎಲ್ಲದರ ಮುಂದೆಯೂ ಗುರುತು ಹಾಕಿ ಒತ್ತಿಬಿಟ್ಟೆನು. 11 ಜಿ.ಬಿ. ಸ್ಥಳ ತೆರವಾಯಿತು. ಸಂತೋಷದಿಂದ ಆ ರಾತ್ರಿಯೇ ತುಣುಕುಗಳನ್ನು ಒಟ್ಟುಗೂಡಿಸುವ ಕೆಲಸವನ್ನೂ ಹಚ್ಚಿ ಮಲಗಿದೆನು. ಆ ಪಟ್ಟಿಯಲ್ಲಿ 'ಡೌನ್‌ಲೋಡ್ಸ್' ಎಂಬ ಫೋಲ್ಡರೂ ಸೇರಿತ್ತೆಂಬುದು ಎರಡು ತಿಂಗಳ ಮೇಲೆ ಗೊತ್ತಾಯಿತು. ನನ್ನ ತಾಯಿಯವರು ರಾಗಿ ಬೀಸುವ ಪದಗಳನ್ನು ಹಾಡಿದ್ದನ್ನು ನನ್ನ ತಂಗಿಯು ಫೋನಿನಲ್ಲಿ ಮುದ್ರಿಸಿ ಕಳುಹಿಸಿದ್ದಳು. ಅದು ಆ ಫೋಲ್ಡರಿನಲ್ಲಿತ್ತು. ತಾಯಿಯವರು ಅಷ್ಟರೊಳಗೆ ತೀರಿಕೊಂಡಿದ್ದರು. ತಂಗಿಯ ಬಳಿಯೂ ಪ್ರತಿ ಉಳಿದಿರಲಿಲ್ಲ. ಆ ಹಾಡುಗಳೆಲ್ಲ ಸೇರಿ 40 ಎಂ.ಬಿ.; ಅಂದರೆ ನಾನು ಗಳಿಸಿದ ಸ್ಥಳದಲ್ಲಿ ಇನ್ನೂರೆಪ್ಪತ್ತರಲ್ಲಿ ಒಂದು ಪಾಲೂ ಅಲ್ಲ.

ತಪ್ಪು ನನ್ನದೇ. ಕಳೆ ಕೀಳುವುದಕ್ಕೆ ಹೋಗಿ ಪೈರನ್ನು ಕಿತ್ತವನು ಕುಡುಗೋಲನ್ನು ದೂರಿ ಫಲವಿಲ್ಲ. ವಾಚಕರು ನನ್ನ ಹಾಗೆ ಮಾಡದಿರಲೆಂದು ಕೆಲಸದ ಕ್ರಮವನ್ನು ಕೆಳಗೆ ವಿವರಿಸುತ್ತೇನೆ. ಅದಕ್ಕೆ ಮೊದಲು ಯಂತ್ರದ ಒಳಗೇನಿದೆಯೆಂಬುದನ್ನು ಸ್ವಲ್ಪ ತಿಳಿಯಬೇಕು.

ಹಾರ್ಡ್ ಡಿಸ್ಕು ಎಂದರೇನು?

ಕಂಪ್ಯೂಟರಿನಲ್ಲಿ ಬರೆದದ್ದು, ಕೂಡಿಟ್ಟದ್ದು ಎಲ್ಲವೂ ಹಾರ್ಡ್ ಡಿಸ್ಕಿನಲ್ಲಿರುತ್ತದೆ. ಇದರ ಪೆಟ್ಟಿಗೆಯೊಳಗೆ ಅಲ್ಯೂಮಿನಿಯಂ ಅಥವಾ ಗಾಜಿನ ತಟ್ಟೆಗಳು ಇದ್ದು, ಅವುಗಳ ಮೇಲೆ ಅಯಸ್ಕಾಂತದ ಗುಣವುಳ್ಳ ಅತಿ ತೆಳುವಾದ ಲೇಪವಿರುತ್ತದೆ. ತಟ್ಟೆಗಳು ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗುತ್ತವೆ. ಒಂದು ಸಣ್ಣ ತೋಳಿನ ತುದಿಯಲ್ಲಿರುವ ತಲೆಯು ತಟ್ಟೆಯನ್ನು ಮುಟ್ಟದೆ, ಅದರ ಮೇಲೆ ಕೂದಲೆಳೆಗಿಂತಲೂ ಎಷ್ಟೋ ಕಡಿಮೆ ಅಂತರದಲ್ಲಿ ತೇಲುತ್ತ, ಬೇಕಾದ ಸ್ಥಳಕ್ಕೆ ಹೋಗಿ ಓದುವುದು, ಬರೆಯುವುದು.

ಇಂತಹ ಯಂತ್ರವನ್ನು ಮೊದಲು ಮಾರಾಟಕ್ಕೆ ತಂದದ್ದು 1956ರಲ್ಲಿ ಅಮೆರಿಕದ ಐ.ಬಿ.ಎಂ. ಕಂಪನಿಯವರು. ಅದರಲ್ಲಿ 24 ಅಂಗುಲ ವ್ಯಾಸದ 50 ತಟ್ಟೆಗಳಿದ್ದವು. ತೂಕವು ಒಂದು ಟನ್ನಿನ ಸುಮಾರಿತ್ತು. ಅಷ್ಟರಲ್ಲಿ ಹಿಡಿಯುತ್ತಿದ್ದುದು ಸುಮಾರು 50 ಲಕ್ಷ ಅಕ್ಷರಗಳು ಮಾತ್ರ. ಇಂದಿನ ಫೋನಿನ ಒಂದೇ ಛಾಯಾಚಿತ್ರವು ಅದನ್ನು ಬಹುಮಟ್ಟಿಗೆ ತುಂಬಿಬಿಡುವುದು.

ಅಳತೆಯ ವಿಷಯದಲ್ಲಿ ಒಂದು ಸಂದೇಹವನ್ನು ಪರಿಹರಿಸಬೇಕು. 500 ಜಿ.ಬಿ. ಎಂದು ಹಣ ಕೊಟ್ಟು ತಂದ ಡಿಸ್ಕು ಕಂಪ್ಯೂಟರಿನಲ್ಲಿ 465 ಎಂದು ಕಾಣುತ್ತದೆ. ಇದರಲ್ಲಿ ಮೋಸವಿಲ್ಲ. ತಯಾರಿಸುವವರು 100 ಕೋಟಿ ಬೈಟುಗಳನ್ನು ಒಂದು ಜಿ.ಬಿ. ಎನ್ನುತ್ತಾರೆ, ವಿಂಡೋಸ್ 107 ಕೋಟಿ 37 ಲಕ್ಷ ಚಿಲ್ಲರೆ ಬೈಟುಗಳನ್ನು ಒಂದು ಜಿ.ಬಿ. ಎಂದು ಎಣಿಸುತ್ತದೆ. ಹಿಂದೆ ಸೇರಿನ ಅಳತೆಯು ಒಂದೊಂದು ಸೀಮೆಯಲ್ಲಿ ಒಂದೊಂದು ಬಗೆಯಾಗಿದ್ದಂತೆ, ರಾಶಿಯು ಅದೇ, ಅಳೆಯುವ ಕೊಳಗ ಬೇರೆ.

ಇನ್ನು ಯಾವುದು ಎಷ್ಟು ಸ್ಥಳವನ್ನು ತಿನ್ನುತ್ತದೆಂಬುದು ಮುಖ್ಯ. ಯೂನಿಕೋಡಿನ ಸಾಮಾನ್ಯ ಕ್ರಮದಲ್ಲಿ ಕನ್ನಡದ ಒಂದೊಂದು ಅಕ್ಷರಕ್ಕೂ, ಒಂದೊಂದು ಗುಣಿತದ ಚಿಹ್ನೆಗೂ 3 ಬೈಟು ಬೇಕು. 'ಗಂಡಸಿ' ಎಂದು ಬರೆದರೆ 15 ಬೈಟು. ಈ ಲೆಕ್ಕದಲ್ಲಿ 2,000 ಅಕ್ಷರಗಳ ಒಂದು ಪುಟವು 6,000 ಬೈಟು. ಫೋನಿನಲ್ಲಿ ತೆಗೆದ ಒಂದು ಛಾಯಾಚಿತ್ರವು 30 ಲಕ್ಷ ಬೈಟಿರಬಹುದು. ಅಂದರೆ ಇಂತಹ 500 ಪುಟಗಳ ಬರಹಕ್ಕೆ ಸಮ. ಮದುವೆಯ ಒಂದು ಗಂಟೆಯ ಚಲನಚಿತ್ರವು ಅಂತಹ ಸಾವಿರ ಛಾಯಾಚಿತ್ರಗಳಿಗೂ ಮಿಗಿಲಾಗಬಹುದು. ಆದುದರಿಂದ ಸ್ಥಳಕ್ಕಾಗಿ ಬರಹಗಳನ್ನು ಅಳಿಸುವುದು, ಗಾಡಿಯ ಹೊರೆ ಇಳಿಸಲು ಎತ್ತಿನ ಕೊರಳ ಗಂಟೆಯನ್ನು ಬಿಚ್ಚಿದಂತೆ.

ತುಣುಕಾಗುವುದು ಹೇಗೆ?

ಡಿಸ್ಕಿನ ತಟ್ಟೆಯನ್ನು ಒಂದು ಹೊಲವೆಂದು ಭಾವಿಸೋಣ. ವಿಂಡೋಸ್ ಆ ಹೊಲವನ್ನು ಸಾಮಾನ್ಯವಾಗಿ 4,096 ಬೈಟುಗಳ ಸಣ್ಣ ತಾಕುಗಳಾಗಿ ವಿಂಗಡಿಸಿಕೊಂಡಿರುತ್ತದೆ. ಹೊಸ ಡಿಸ್ಕಿನಲ್ಲಿ ಒಂದು ಕಡತವನ್ನು ಬರೆದರೆ ಅದು ಸಾಲಾಗಿ ಒಂದರ ಪಕ್ಕದ ತಾಕಿನಲ್ಲಿ ಒಂದಾಗಿ ಕೂಡುತ್ತದೆ. ಕೆಲವು ಕಡತಗಳನ್ನು ಅಳಿಸಿದಾಗ ನಡುನಡುವೆ ಬಯಲು ಬೀಳುತ್ತದೆ. ಆಮೇಲೆ ಬಂದ ದೊಡ್ಡ ಕಡತಕ್ಕೆ ಒಂದೇ ಕಡೆ ಸ್ಥಳ ಸಾಲದೆ, ಇಲ್ಲಿ ನಾಲ್ಕು, ಅಲ್ಲಿ ಹತ್ತು ತಾಕುಗಳಲ್ಲಿ ಹಂಚಿಹೋಗುತ್ತದೆ. ಡಿಸ್ಕು ತುಂಬಿದಷ್ಟೂ ಈ ಚೂರಾಗುವಿಕೆ ಹೆಚ್ಚು.

ಇದರಿಂದಾಗುವ ನಷ್ಟವನ್ನು ರೈತರಿಗೆ ಬಿಡಿಸಿ ಹೇಳಬೇಕಾದ್ದಿಲ್ಲ. ಮೂರು ಎಕರೆ ಜಮೀನು ಒಂದೇ ಕಡೆ ಇರುವವನು ಒಮ್ಮೆ ನೇಗಿಲು ಹೂಡಿದರೆ ಸಾಯಂಕಾಲಕ್ಕೆ ಬಿಡಬಹುದು. ಅಣ್ಣತಮ್ಮಂದಿರ ಪಾಲಿನಲ್ಲಿ ಅದೇ ಮೂರು ಎಕರೆ ಏಳು ಕಡೆ ಹರಿದು ಹೋಗಿದ್ದರೆ, ಉಳುವ ಹೊತ್ತಿಗಿಂತ ಒಂದರಿಂದ ಮತ್ತೊಂದಕ್ಕೆ ನಡೆಯುವ ಹೊತ್ತೇ ಹೆಚ್ಚಾಗುವುದು. ಡಿಸ್ಕಿನ ತಲೆಗೂ ಇದೇ ಪಾಡು. ಒಂದು ಸ್ಥಳದಿಂದ ಇನ್ನೊಂದಕ್ಕೆ ಸರಿದು, ತಟ್ಟೆಯು ತಿರುಗಿ ಬರುವವರೆಗೆ ಕಾದು ನಿಲ್ಲಲು ಸೆಕೆಂಡಿನ ಸಾವಿರದಲ್ಲಿ ಸುಮಾರು 15 ಭಾಗ ಹಿಡಿಯುತ್ತದೆ. ಸೆಕೆಂಡಿಗೆ 100 ಎಂ.ಬಿ. ಓದುವ ಡಿಸ್ಕಿಗೆ, ಒಂದೇ ಸಾಲಿನಲ್ಲಿರುವ 20 ಎಂ.ಬಿ.ಯ ಕಡತವನ್ನು ಓದಲು ಸೆಕೆಂಡಿನ ಐದನೆಯ ಒಂದು ಭಾಗ ಸಾಕು. ಅದೇ ಕಡತವು 200 ಚೂರಾಗಿದ್ದರೆ, ಓಡಾಟಕ್ಕೇ 3 ಸೆಕೆಂಡು ಬೇಕು.

ಹರಿದ ಹಿಡುವಳಿಗಳನ್ನು ಒಟ್ಟುಗೂಡಿಸಬೇಕೆಂದು 1947ರಲ್ಲಿ ಮುಂಬಯಿ ಪ್ರಾಂತದಲ್ಲಿಯೂ, 1966ರಲ್ಲಿ ಆಗಿನ ಮೈಸೂರು ರಾಜ್ಯದಲ್ಲಿಯೂ ಕಾನೂನುಗಳಾದವು. ಭೂಮಿಯಲ್ಲಿ ಇದು ಸುಲಭವಲ್ಲ. ಒಬ್ಬನ ತುಂಡಿನಲ್ಲಿ ಬಾವಿಯಿರುತ್ತದೆ, ಮತ್ತೊಬ್ಬನ ತುಂಡಿನಲ್ಲಿ ಹಿರಿಯರ ಸಮಾಧಿಯಿರುತ್ತದೆ. ಡಿಸ್ಕಿನ ತಾಕುಗಳಲ್ಲಿ ಮಣ್ಣಿನ ಭೇದವಿಲ್ಲ. ಒಂದನ್ನು ಎತ್ತಿ ಇನ್ನೊಂದರಲ್ಲಿಡಲು ಯಾರ ಒಪ್ಪಿಗೆಯೂ ಬೇಡ. ಇದನ್ನು ಮಾಡುವ ಸಾಧನವನ್ನು 1993ರ ಎಂ.ಎಸ್. ಡಾಸ್ 6ರಲ್ಲಿಯೇ ಸೇರಿಸಿ ಕೊಡಲಾಗಿತ್ತು. 2007ರಲ್ಲಿ ಜನರ ಕೈಗೆ ಬಂದ ವಿಸ್ಟಾದಿಂದೀಚೆಗೆ ವಿಂಡೋಸ್ ವಾರಕ್ಕೊಮ್ಮೆ ತಾನಾಗಿಯೇ ಇದನ್ನು ಮಾಡುವಂತೆ ಏರ್ಪಾಡಿದೆ. ಆದರೆ ನಮ್ಮ ಮನೆಗಳಲ್ಲಿ ಕೆಲಸವಿದ್ದಾಗ ಅರ್ಧ ಗಂಟೆ ಹಚ್ಚಿ ಒಡನೆಯೇ ಆರಿಸಿಬಿಡುವುದರಿಂದ, ಈ ಕೆಲಸವು ನಡೆಯದೆ ಉಳಿಯುವುದುಂಟು.

ಮೊದಲನೆಯ ಕೆಲಸ: ಬೀಜವನ್ನು ಬೇರೆ ತೆಗೆದಿಡುವುದು

ಸುಗ್ಗಿಯಾದ ಮೇಲೆ ರಾಗಿಯನ್ನು ಮಾರುವುದಕ್ಕೆ ಮೊದಲು ಬಿತ್ತನೆಯ ಬೀಜವನ್ನು ತೆಗೆದಿಡುವುದು ಎಲ್ಲರೂ ಬಲ್ಲ ಕ್ರಮ. ಇಲ್ಲಿಯೂ ಅದೇ ಮೊದಲು. ಯಾವುದನ್ನೂ ಅಳಿಸುವುದಕ್ಕೆ ಮುಂಚೆ, ಮನೆಯ ಕಡತಗಳನ್ನೆಲ್ಲ ಎರಡು ಗುಂಪಾಗಿ ವಿಂಗಡಿಸಿಕೊಳ್ಳತಕ್ಕದ್ದು.

1. ಕಳೆದರೆ ಪುನಃ ದೊರೆಯತಕ್ಕವು: ಪಹಣಿಯ ಪ್ರತಿ, ಆಧಾರಿನ ಪ್ರತಿ, ಪರೀಕ್ಷೆಯ ಫಲಿತಾಂಶ, ಸಿನಿಮಾ, ಆಟದ ತಂತ್ರಾಂಶ ಮುಂತಾದುವು. ಪಹಣಿಯು 2000ರ ಸುಮಾರಿನಲ್ಲಿ ಆರಂಭವಾದ ಭೂಮಿ ಯೋಜನೆಯ ಮೂಲಕ ಸರ್ಕಾರದ ಗಣಕಗಳಲ್ಲಿ ಇದ್ದೇ ಇದೆ. ಬೇಕಾದಾಗ ಮತ್ತೆ ತೆಗೆಯಬಹುದು.

2. ಕಳೆದರೆ ಪುನಃ ದೊರೆಯದವು: ಮನೆಯವರ ಛಾಯಾಚಿತ್ರ, ಹಿರಿಯರ ಧ್ವನಿ, ಕೈಬರಹದ ಪ್ರತಿ, ತೋಟದ ಲೆಕ್ಕ, ಮಕ್ಕಳು ಬರೆದದ್ದು.

ಎರಡನೆಯ ಗುಂಪಿನದು ಎಷ್ಟೇ ಸಣ್ಣದಾದರೂ ಅದನ್ನು ಹೊರಗಿನ ಒಂದು ಡಿಸ್ಕಿಗೋ ಪೆನ್ ಡ್ರೈವಿಗೋ ಪ್ರತಿ ಮಾಡಿ, ಆ ಪ್ರತಿಯು ತೆರೆಯುತ್ತದೆಯೇ ಎಂದು ಬೇರೊಂದು ಯಂತ್ರದಲ್ಲಿ ಪರೀಕ್ಷಿಸಿ, ಅನಂತರ ಮುಂದುವರಿಯಬೇಕು. ಅನುಭವಸ್ಥರು ಹೇಳುವ ಸೂತ್ರವೆಂದರೆ, ಒಟ್ಟು ಮೂರು ಪ್ರತಿಗಳು, ಎರಡು ಬಗೆಯ ಸಾಧನಗಳಲ್ಲಿ, ಒಂದಾದರೂ ಬೇರೆ ಮನೆಯಲ್ಲಿ ಅಥವಾ ಬೇರೆ ಊರಿನಲ್ಲಿ.

ಇಲ್ಲಿ ಒಂದು ಎಚ್ಚರಿಕೆ. ನಮ್ಮಲ್ಲಿ ಅಂಗಡಿಯವರು ಒಂದೇ ಡಿಸ್ಕನ್ನು 'ಸಿ', 'ಡಿ' ಎಂದು ಎರಡು ಭಾಗ ಮಾಡಿ ಕೊಡುವುದು ವಾಡಿಕೆ. 'ಸಿ'ಯಲ್ಲಿರುವುದನ್ನು 'ಡಿ'ಗೆ ಪ್ರತಿ ಮಾಡಿದರೆ ಕ್ಷೇಮವಾಯಿತೆಂದು ಅನೇಕರು ನಂಬಿದ್ದಾರೆ. ಅದು ಒಂದೇ ಕಣಜದಲ್ಲಿ ಅಡ್ಡಗೋಡೆ ಕಟ್ಟಿದಂತೆ. ಕಣಜಕ್ಕೆ ಬೆಂಕಿ ಬಿದ್ದರೆ ಎರಡೂ ಪಾಲು ಹೋಗುತ್ತವೆ.

ಡಿಸ್ಕಿನಿಂದ ಟಕ್ ಟಕ್ ಎಂಬ ಹೊಸ ಸದ್ದು ಬರುತ್ತಿದ್ದರೆ, ಅಥವಾ ಕಡತಗಳು ತೆರೆಯದೆ ಕೆಟ್ಟಿವೆಯೆಂದು ಪದೇ ಪದೇ ತೋರಿಸುತ್ತಿದ್ದರೆ, ಡಿಸ್ಕೇ ಜೀರ್ಣವಾಗುತ್ತಿದೆಯೆಂದು ತಿಳಿಯಬೇಕು. ಆಗ ಬೆಲೆಯುಳ್ಳದ್ದನ್ನು ಕೂಡಲೇ ಹೊರಗೆ ತೆಗೆದುಕೊಳ್ಳತಕ್ಕದ್ದು. ಒಟ್ಟುಗೂಡಿಸುವ ಕೆಲಸವನ್ನು ಅದರ ಮೇಲೆ ಹಚ್ಚಲೇಕೂಡದು; ನಿಶ್ಶಕ್ತವಾದ ಎತ್ತನ್ನು ನೊಗಕ್ಕೆ ಹೂಡಿದಂತಾಗುವುದು.

ಎರಡನೆಯ ಕೆಲಸ: ಕಳೆ ತೆಗೆಯುವುದು

ವಿಂಡೋಸ್ 10 ಮತ್ತು 11ರಲ್ಲಿ 'ಸೆಟಿಂಗ್ಸ್', ಅದರೊಳಗೆ 'ಸಿಸ್ಟಂ', ಅದರೊಳಗೆ 'ಸ್ಟೋರೇಜ್' ಎಂಬಲ್ಲಿಗೆ ಹೋದರೆ, ಯಾವುದು ಎಷ್ಟು ಸ್ಥಳವನ್ನು ಹಿಡಿದಿದೆಯೆಂಬ ಪಟ್ಟಿಯು ಕಾಣುವುದು. ಕೆಳಗಿನ ಅನುಕ್ರಮದಲ್ಲಿ ಕೆಲಸ ಮಾಡುವುದು ಉತ್ತಮ.

1. 'ಟೆಂಪೊರರಿ ಫೈಲ್ಸ್' ಎಂಬುದನ್ನು ತೆರೆಯಬೇಕು. ತಾತ್ಕಾಲಿಕ ಕಡತಗಳು, ನವೀಕರಣವಾದ ಮೇಲೆ ಉಳಿದ ಕಸ, ಚಿಕ್ಕಚಿತ್ರಗಳ ಸಂಗ್ರಹ ಇವುಗಳನ್ನು ಅಳಿಸಬಹುದು. ವಿಂಡೋಸಿನ ಹಿಂದಿನ ಆವೃತ್ತಿಯು ಪಟ್ಟಿಯಲ್ಲಿದ್ದರೆ, ಹೊಸದು ಸರಿಯಾಗಿ ನಡೆಯುತ್ತಿರುವಾಗ ಅದನ್ನೂ ತೆಗೆಯಬಹುದು. ತೆಗೆದ ಮೇಲೆ ಹಿಂದಿನದಕ್ಕೆ ಹಿಂತಿರುಗಲು ಆಗುವುದಿಲ್ಲ. 'ಡೌನ್‌ಲೋಡ್ಸ್' ಎಂಬುದರ ಮುಂದೆ ಗುರುತು ಇದ್ದರೆ ಮೊದಲು ಅದನ್ನು ತೆಗೆದುಹಾಕತಕ್ಕದ್ದು. ಈ ಪಟ್ಟಿಯ ಮೂಲಕ ಅಳಿಸಿದ್ದು ಕಸದ ಬುಟ್ಟಿಗೂ ಹೋಗದೆ ನೇರವಾಗಿ ಹೋಗಿಬಿಡುವುದು.

2. 'ರಿಸೈಕಲ್ ಬಿನ್' ಎಂಬ ಕಸದ ಬುಟ್ಟಿಯನ್ನು ತೆರೆದು, ಕಣ್ಣಾಡಿಸಿ, ಆಮೇಲೆ ಬರಿದು ಮಾಡಬೇಕು. ಬುಟ್ಟಿಯಲ್ಲಿರುವವರೆಗೆ ಕಡತವು ಸ್ಥಳವನ್ನು ಬಿಟ್ಟುಕೊಡುವುದಿಲ್ಲ.

3. ಉಪಯೋಗಿಸದ ಆಟಗಳನ್ನೂ ತಂತ್ರಾಂಶಗಳನ್ನೂ 'ಆಪ್ಸ್' ಎಂಬಲ್ಲಿಂದಲೇ ಕ್ರಮವಾಗಿ ತೆಗೆಯಬೇಕು. 'ವಿಂಡೋಸ್', 'ಪ್ರೋಗ್ರಾಂ ಫೈಲ್ಸ್' ಎಂಬ ಫೋಲ್ಡರುಗಳೊಳಗೆ ಕೈ ಹಾಕಿ ಅಳಿಸಬಾರದು. ಅವು ಮನೆಯ ಕಂಬಗಳು.

4. 'ಡೌನ್‌ಲೋಡ್ಸ್' ಫೋಲ್ಡರನ್ನು ಕೊನೆಗೆ ತೆರೆದು, ಗಾತ್ರದ ಅನುಕ್ರಮದಲ್ಲಿ ಜೋಡಿಸಿ, ದೊಡ್ಡದರಿಂದ ಆರಂಭಿಸಿ ಒಂದೊಂದನ್ನೇ ನೋಡಬೇಕು. ಒಂದೇ ಚಲನಚಿತ್ರವು ವಾಟ್ಸಪ್ಪಿನ ಮೂಲಕ ನಾಲ್ಕು ಬಂಧುಗಳಿಂದ ನಾಲ್ಕು ಸಲ ಬಂದಿರುವುದು ಸಾಮಾನ್ಯ.

5. ಬೇಕಾದ, ಆದರೆ ದೊಡ್ಡದಾದ ಚಲನಚಿತ್ರಗಳನ್ನು 'ಡಿ' ಭಾಗಕ್ಕೆ ಸಾಗಿಸಬಹುದು. 'ಸಿ'ಯ ಒತ್ತಡ ಇಳಿಯುವುದು.

ಅಂತರಜಾಲದಲ್ಲಿ ಉಚಿತವಾಗಿ ಶುಚಿ ಮಾಡಿಕೊಡುತ್ತೇವೆಂದು ಹೇಳುವ ಅಪರಿಚಿತ ತಂತ್ರಾಂಶಗಳನ್ನು ಹಾಕಿಕೊಳ್ಳಬಾರದು. ಮೇಲ್ಕಂಡ ಕೆಲಸಗಳಿಗೆ ಯಂತ್ರದಲ್ಲಿರುವ ಸಾಧನವೇ ಸಾಕು.

ಮೂರನೆಯ ಕೆಲಸ: ಒಟ್ಟುಗೂಡಿಸುವುದು

ಇದನ್ನು ಅಳಿಸಿದ ದಿನವೇ ಕೈಯಾರೆ ಹಚ್ಚಬಾರದು. ಕಾರಣವನ್ನು ವಾಚಕರು ಚೆನ್ನಾಗಿ ತಿಳಿಯಬೇಕು. ಕಡತವೊಂದನ್ನು ಅಳಿಸಿದಾಗ ವಿಂಡೋಸ್ ತನ್ನ ಖಾತೆಯಲ್ಲಿ ಆ ತಾಕುಗಳು ಬಿಡುವಾದುವೆಂದು ಬರೆದುಕೊಳ್ಳುತ್ತದೆಯೇ ಹೊರತು, ತಟ್ಟೆಯ ಮೇಲಿನ ಬರಹವನ್ನು ಆಗಲೇ ಉಜ್ಜಿಹಾಕುವುದಿಲ್ಲ. ತಿರುಗುವ ಡಿಸ್ಕಿನಲ್ಲಿ ಅಲ್ಲಿ ಬೇರೆಯದನ್ನು ಬರೆಯುವವರೆಗೆ ಹಳೆಯದು ಮಣ್ಣಿನೊಳಗಿನ ಗೆಡ್ಡೆಯಂತೆ ಉಳಿದಿರುತ್ತದೆ. ಬಲ್ಲವರು ಅನೇಕ ವೇಳೆ ಅದನ್ನು ಎತ್ತಿಕೊಡಬಲ್ಲರು. ಒಟ್ಟುಗೂಡಿಸುವಾಗ ಆ ಬಿಡುವಾದ ತಾಕುಗಳ ಮೇಲೆ ಬೇರೆ ಕಡತಗಳು ಬಂದು ಕೂಡುತ್ತವೆ. ಅಲ್ಲಿಗೆ ಗೆಡ್ಡೆಯೂ ಕೊಳೆಯಿತು. ನನ್ನ ತಾಯಿಯವರ ಹಾಡುಗಳು ಕೈಗೆ ಬಾರದೆ ಹೋದದ್ದಕ್ಕೆ ಆ ರಾತ್ರಿಯ ಅವಸರವೇ ಮುಖ್ಯ ಕಾರಣವೆಂದು ತಿಳಿದವರೊಬ್ಬರು ಹೇಳಿದರು. ಬೆಲೆಯುಳ್ಳದ್ದು ಹೋಯಿತೆಂದು ತಿಳಿದ ಕ್ಷಣವೇ ಯಂತ್ರವನ್ನು ಆರಿಸಿ, ಏನನ್ನೂ ಬರೆಯದೆ, ಬಲ್ಲವರಲ್ಲಿಗೆ ಒಯ್ಯತಕ್ಕದ್ದು.

ಆದುದರಿಂದ ಒಂದು ವಾರ ಯಂತ್ರವನ್ನು ಎಂದಿನಂತೆ ಬಳಸಿ, ಏನೂ ಕಾಣೆಯಾಗಿಲ್ಲವೆಂದು ಮನದಟ್ಟಾದ ಮೇಲೆ ಹೀಗೆ ಮಾಡಬೇಕು. 'ಸ್ಟಾರ್ಟ್' ಒತ್ತಿ, ಹುಡುಕುವ ಸ್ಥಳದಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ 'ಡಿಫ್ರಾಗ್' ಎಂದು ಬರೆದರೆ, 'ಆಪ್ಟಿಮೈಸ್ ಡ್ರೈವ್ಸ್' ಎಂಬ ಸಾಧನವು ಬರುತ್ತದೆ. ಅದರ 'ಮೀಡಿಯಾ ಟೈಪ್' ಎಂಬ ಅಂಕಣವನ್ನು ಮೊದಲು ಓದಬೇಕು.

ಅಲ್ಲಿ 'ಹಾರ್ಡ್ ಡಿಸ್ಕ್ ಡ್ರೈವ್' ಎಂದಿದ್ದರೆ, 'ಅನಲೈಸ್' ಒತ್ತಿ ಶೇಕಡಾ ಎಷ್ಟು ಚೂರಾಗಿದೆಯೆಂದು ನೋಡಿ, ಹೆಚ್ಚಾಗಿದ್ದರೆ 'ಆಪ್ಟಿಮೈಸ್' ಒತ್ತಬೇಕು. ಸರಿಸಿ ಜೋಡಿಸಲು ಬಿಡುವಾದ ಸ್ಥಳವಿರಬೇಕಾದ್ದರಿಂದ ಡಿಸ್ಕಿನ ನೂರರಲ್ಲಿ 15 ಪಾಲಾದರೂ ತೆರವಾಗಿರುವುದು ಒಳ್ಳೆಯದು. ಅಟ್ಟದ ತುಂಬ ಕಾಯಿ ಒಟ್ಟಿರುವಾಗ ಹೊರಳಿಸಿ ಹಾಕಲು ಆಗದಷ್ಟೇ. ಕೆಲಸವು ಗಂಟೆಗಟ್ಟಲೆ ಹಿಡಿಯಬಹುದು. ವಿದ್ಯುತ್ತು ನಿಲ್ಲದ ವೇಳೆಯನ್ನು ಆರಿಸಿಕೊಂಡು, ಲ್ಯಾಪ್‌ಟಾಪಾದರೆ ಚಾರ್ಜರನ್ನು ಸಿಕ್ಕಿಸಿಟ್ಟಿರಬೇಕು.

ಅಲ್ಲಿ 'ಸಾಲಿಡ್ ಸ್ಟೇಟ್ ಡ್ರೈವ್' ಎಂದಿದ್ದರೆ, ಅದರಲ್ಲಿ ತಿರುಗುವ ತಟ್ಟೆಯಾಗಲಿ ಓಡಾಡುವ ತಲೆಯಾಗಲಿ ಇಲ್ಲ. ಯಾವ ತಾಕಿಗಾದರೂ ಹೆಚ್ಚುಕಡಿಮೆ ಒಂದೇ ಹೊತ್ತಿನಲ್ಲಿ ಹೋಗಬಲ್ಲುದರಿಂದ, ಅದರ ಚೂರುಗಳನ್ನು ಕೈಯಾರೆ ಒಟ್ಟುಗೂಡಿಸುವುದರಿಂದ ಪ್ರಯೋಜನವಿಲ್ಲ. ಬದಲಾಗಿ, ಅಂತಹ ಡ್ರೈವಿನ ಒಂದೊಂದು ಕಣವನ್ನೂ ಇಂತಿಷ್ಟು ಸಲ ಮಾತ್ರ ಬರೆಯಬಹುದಾದ್ದರಿಂದ ವೃಥಾ ಸವೆಯುವುದು. ವಿಂಡೋಸ್ ಅದಕ್ಕೆ ಬೇಕಾದ ಬೇರೆ ಉಪಚಾರವನ್ನು ತಾನೇ ಮಾಡಿಕೊಳ್ಳುತ್ತದೆ, ಹಾಗೆಯೇ ಬಿಡಬೇಕು. ಇಂತಹ ಡ್ರೈವಿನಲ್ಲಿ ಅಳಿಸಿದ್ದನ್ನು ಹಿಂದಕ್ಕೆ ಪಡೆಯುವುದು ಇನ್ನೂ ಕಷ್ಟವೆಂಬುದನ್ನು ಮರೆಯಬಾರದು.

ಆ ಮನೆಯಲ್ಲಿ ಆದದ್ದು

ಯಜಮಾನರ ಮಗಳು ಬುದ್ಧಿವಂತೆ. ನಾನು ಹೇಳಿದಂತೆ ತಾನೇ ಕುಳಿತು ಮಾಡಿದಳು. ಪುಸ್ತಕದ ಚಿತ್ರಗಳು 184. ಒಂದೊಂದೂ ಸುಮಾರು 3 ಎಂ.ಬಿ.; ಒಟ್ಟು 552 ಎಂ.ಬಿ. ಅವು ಇದ್ದದ್ದು 'ಡೌನ್‌ಲೋಡ್ಸ್' ಫೋಲ್ಡರಿನಲ್ಲಿಯೇ. ಮೊದಲು ಅವುಗಳನ್ನು ಎರಡು ಪೆನ್ ಡ್ರೈವುಗಳಿಗೆ ಪ್ರತಿ ಮಾಡಿ, ಒಂದನ್ನು ಹಾಸನದಲ್ಲಿರುವ ಅವಳ ಸೋದರಮಾವನ ಮನೆಗೆ ಕಳುಹಿಸಿದ್ದಾಯಿತು.

ಆಮೇಲೆ ಕಳೆಯನ್ನು ನೋಡಿದೆವು. 465 ಜಿ.ಬಿ.ಯ ಡಿಸ್ಕಿನಲ್ಲಿ 'ಸಿ'ಗೆ 97, 'ಡಿ'ಗೆ 368 ಎಂದು ಪಾಲಾಗಿತ್ತು. 'ಡಿ'ಯು ಬಹುಪಾಲು ಬರಿದಾಗಿತ್ತು; 'ಸಿ'ಯಲ್ಲಿ ಉಳಿದಿದ್ದುದು 2 ಜಿ.ಬಿ. ಮಾತ್ರ. ತಾತ್ಕಾಲಿಕ ಕಡತ ಮತ್ತು ನವೀಕರಣದ ಕಸದಿಂದ 14, ಕಸದ ಬುಟ್ಟಿಯಿಂದ 6, ಯಾರೂ ಆಡದ ಆಟವೊಂದರಿಂದ 9 ಜಿ.ಬಿ. ದೊರೆಯಿತು. 21 ಜಿ.ಬಿ.ಯಷ್ಟು ಚಲನಚಿತ್ರಗಳನ್ನು 'ಡಿ'ಗೆ ಸಾಗಿಸಿದೆವು. 'ಸಿ'ಯಲ್ಲಿ 52 ಜಿ.ಬಿ. ತೆರವಾಯಿತು. ಒಂದು ವಾರದ ಮೇಲೆ ಪರೀಕ್ಷಿಸಿದಾಗ ನೂರಕ್ಕೆ 23ರಷ್ಟು ಚೂರಾಗಿರುವುದು ಕಂಡಿತು. ಒಟ್ಟುಗೂಡಿಸಲು ಎರಡು ಗಂಟೆಗೂ ಹೆಚ್ಚು ಹಿಡಿಯಿತು. ನಾಲ್ಕು ನಿಮಿಷಕ್ಕೂ ಅಣಿಯಾಗದಿದ್ದ ಯಂತ್ರವು ಎರಡು ನಿಮಿಷದೊಳಗೆ ಅಣಿಯಾಗತೊಡಗಿತು. ಇದರಲ್ಲಿ ಹೆಚ್ಚಿನ ಪಾಲು ಕಳೆ ತೆಗೆದದ್ದರ ಫಲ, ಉಳಿದದ್ದು ಒಟ್ಟುಗೂಡಿಸಿದ್ದರ ಫಲವೆಂದು ನನ್ನ ಅಂದಾಜು. ಹಳೆಯ ಯಂತ್ರವು ಹೊಸದಾಗಲಿಲ್ಲ. ಅದರಲ್ಲಿದ್ದ ವಿಂಡೋಸ್ 10ಕ್ಕೆ ತಯಾರಕರ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ಕ್ಕೆ ಮುಗಿದಿದೆಯೆಂಬುದನ್ನೂ ಯಜಮಾನರಿಗೆ ತಿಳಿಸಿದೆನು. ಮುಂದೆ ಹಣ ಕೂಡಿದಾಗ ತಿರುಗದ ಡ್ರೈವೊಂದನ್ನು ಹಾಕಿಸಿಕೊಂಡರೆ ಹೆಚ್ಚಿನ ವೇಗ ದೊರೆಯುವುದು.

ಅನಂತರ ಆ ಚಿತ್ರಗಳನ್ನು ಒಂದೊಂದಾಗಿ ತೆರೆದು, ಬದುಕಿರುವ ಮರಗಳ ಅಂಕಿಗಳನ್ನು ಹೊಂದಿಸಿಕೊಂಡು ಲೆಕ್ಕ ಹಾಕಿದೆವು. ಗೆದ್ದಲು ತಿಂದ ಅಂಚುಗಳಲ್ಲಿ ಕೆಲವು ಅಂಕಿಗಳು ಹೋಗಿದ್ದರೂ ಉಳಿದದ್ದು ಸಾಕಷ್ಟಿತ್ತು. ನೋಟಕ್ಕೆ ಸೊಂಪಾಗಿದ್ದ ಎರಡು ಮರಗಳು ವರ್ಷ ಬಿಟ್ಟು ವರ್ಷ ಕಾಯುವುವೆಂದು ಪುಸ್ತಕವು ಹೇಳಿತು, ಅವುಗಳನ್ನು ಬಿಟ್ಟೆವು. ಬಾವಿಯ ಬಳಿಯ ಒಂದು ಮರವು ನೋಟಕ್ಕೆ ಸಾಧಾರಣವಾದರೂ 31 ವರ್ಷಗಳಲ್ಲಿ ಮೂರು ಸಲ ಹೊರತು 80ಕ್ಕೆ ಇಳಿದಿರಲಿಲ್ಲ. ಒಟ್ಟು 14 ತಾಯಿಮರಗಳು ದೊರೆತವು. ಅವುಗಳಲ್ಲಿ 11-12 ತಿಂಗಳು ಬಲಿತ ಕಾಯಿಗಳನ್ನು ಮಾತ್ರ ಬಿತ್ತನೆಗೆ ಇಳಿಸಬೇಕೆಂದು ತಿಳಿಸಿದೆನು.

"ನಾಳೆ ಅಂಗಡಿಗೆ ಕೊಟ್ಟಿದ್ದರೆ ನಮ್ಮ ತಂದೆಯವರ ಕೈ ಅಕ್ಷರವೂ ಹೋಗುತ್ತಿತ್ತು, ಈ ಮರಗಳೂ ಗೊತ್ತಾಗುತ್ತಿರಲಿಲ್ಲ," ಎಂದರು ಯಜಮಾನರು.

ವಾಚಕರು ಈ ಲೇಖನದಿಂದ ಒಂದು ಸಂಗತಿಯನ್ನು ನೆನಪಿಟ್ಟರೆ ಸಾಕು. ಅಳಿಸತಕ್ಕದ್ದು ದೊಡ್ಡದಾಗಿಯೂ ಪುನಃ ದೊರೆಯತಕ್ಕದ್ದಾಗಿಯೂ ಇರಬೇಕು. ಸಣ್ಣದಾಗಿದ್ದು ಪುನಃ ದೊರೆಯದಿರುವುದನ್ನು ಮೊದಲು ಪ್ರತಿ ಮಾಡಿ ಹೊರಗಿಡಬೇಕು. ಕಳೆ ತೆಗೆಯುವುದು ಬರುವ ಭಾನುವಾರವಾದರೂ ಆದೀತು. ಒಟ್ಟುಗೂಡಿಸುವುದು ಅದರ ಮುಂದಿನ ವಾರವಾದರೂ ಆದೀತು. ಪ್ರತಿಯನ್ನು ಮಾತ್ರ ಈ ಸಂಚಿಕೆಯನ್ನು ಓದಿ ಮುಗಿಸಿದ ದಿನವೇ ಮಾಡಿಟ್ಟುಕೊಳ್ಳಬೇಕೆಂದು ವಿಜ್ಞಾಪಿಸುತ್ತೇನೆ.